ತಪ್ಪು ಗಾಳಿಯದ್ದಲ್ಲ, ನೆನಪಿನದ್ದು

ರಡಾರ್ ಕಾರ್ಖಾನೆ, ವಾಯುಪಡೆ, ಪೀಣ್ಯದ ಯಂತ್ರಗಳ ನಡುವೆ ಇರುವ ಜಾಲಹಳ್ಳಿಯಲ್ಲಿ ಬ್ಲೂಟೂತ್ ಕನೆಕ್ಟ್ ಆಗದಿದ್ದರೆ ಮೊದಲ ಅನುಮಾನ ‘ಸಿಗ್ನಲ್’ ಮೇಲೆ. ರೋಗ ಬಹಳ ಸಲ ಅಲ್ಲಿರುವುದಿಲ್ಲ.

ಬೆಂಗಳೂರಿನ ವಾಯವ್ಯ ದಿಕ್ಕಿನ ಜಾಲಹಳ್ಳಿಯಲ್ಲಿ ಬ್ಲೂಟೂತ್ ಕೈಕೊಟ್ಟರೆ ತಪ್ಪು ಹೊರಿಸಲು ಜಾಗಕ್ಕೆ ಬರವಿಲ್ಲ. 1954ರಲ್ಲಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ ಇಲ್ಲೇ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಇಂದಿಗೂ ಸೇನೆಗೆ ರಡಾರ್, ರೇಡಿಯೋ ಸೆಟ್ ಕಟ್ಟಿಕೊಡುತ್ತಿದೆ. ಅದೇ ಜಾಲಹಳ್ಳಿಯಲ್ಲಿ ವಾಯುಪಡೆಯ ನೆಲೆಯಿದೆ, ಅದರ ತಾಂತ್ರಿಕ ಕಾಲೇಜಿದೆ. ತುಮಕೂರು ರಸ್ತೆಯ ಕಡೆಗೆ ಬಂದರೆ ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು, ಅವುಗಳ ವೆಲ್ಡಿಂಗ್ ಯಂತ್ರಗಳು, ಮೋಟಾರುಗಳು. ಉಪಗ್ರಹಗಳ ಜತೆ ಮಾತಾಡುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ. ತಲೆಯ ಮೇಲೆ ಹಸಿರು ಮಾರ್ಗದ ಮೆಟ್ರೊ. ಇಂಥ ಕಡೆ ಇಯರ್‌ಬಡ್ ಫೋನಿಗೆ ಕನೆಕ್ಟ್ ಆಗದಿದ್ದರೆ ‘ಈ ಏರಿಯಾದಲ್ಲೇ ಸಿಗ್ನಲ್ ಪ್ರಾಬ್ಲಂ’ ಎಂಬ ತೀರ್ಮಾನ ಸಲೀಸಾಗಿ ಬಾಯಿಗೆ ಬರುತ್ತದೆ. ಆದರೆ ಬ್ಲೂಟೂತ್ ಕನೆಕ್ಟೇ ಆಗದಿದ್ದಾಗ ಗಾಳಿಯನ್ನು ಅನುಮಾನಿಸಬೇಕಾದ್ದು ಕೊನೆಗೆ. ಮೊದಲು ನೋಡಬೇಕಾದ್ದು ಎರಡೂ ಉಪಕರಣಗಳು ಒಂದನ್ನೊಂದು ಕುರಿತು ಏನನ್ನು ನೆನಪಿಟ್ಟುಕೊಂಡಿವೆ ಎಂಬುದನ್ನು. ಕನೆಕ್ಟ್ ಆದಮೇಲೆ ಸದ್ದು ಹರಿದು ಹರಿದು ಬಂದರೆ, ಆಗ ಗಾಳಿಯತ್ತ ತಿರುಗಬಹುದು. ಈ ಎರಡು ದೂರುಗಳನ್ನು ಬೇರೆ ಮಾಡಿ ನೋಡುವುದೇ ದುರಸ್ತಿಯ ಅರ್ಧ ಕೆಲಸ.

ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಎಲ್ಲರೂ ಬಳಸುವ ಮದ್ದಿನಲ್ಲೇ ಇದೆ. ಹಟ ಹಿಡಿದ ಇಯರ್‌ಬಡ್ ಅಥವಾ ಕಾರಿನ ಸ್ಟೀರಿಯೊವನ್ನು ದಾರಿಗೆ ತರಲು ತಿಳಿದವರು ಹೇಳುವುದು ಒಂದೇ ಮಾತು: ‘ಫರ್ಗೆಟ್ ಕೊಟ್ಟು ಹೊಸದಾಗಿ ಪೇರ್ ಮಾಡಿ.’ ಬಹಳ ಸಲ ಅದು ಫಲಿಸುತ್ತದೆ. ಫಲಿಸಿದಾಗ ಆದದ್ದೇನು? ಬಿಇಎಲ್ ಇದ್ದಲ್ಲೇ ಇದೆ, ಪಕ್ಕದ ಶೆಡ್ಡಿನ ವೆಲ್ಡಿಂಗ್ ನಿಂತಿಲ್ಲ, ಮನೆಮನೆಯ ವೈ-ಫೈ ಆರಿಲ್ಲ. ಗಾಳಿಯಲ್ಲಿ ಒಂದು ಎಳೆಯೂ ಅಲುಗಿಲ್ಲ. ಬದಲಾದದ್ದು ಫೋನಿನ ಮೆಮೊರಿಯ ಒಂದು ಪುಟ್ಟ ದಾಖಲೆ. ದಾಖಲೆ ಅಳಿಸಿದ್ದರಿಂದ ವಾಸಿಯಾಯಿತೆಂದರೆ ರೋಗವೂ ದಾಖಲೆಯಲ್ಲೇ ಇತ್ತು. ಇನ್ನೊಂದು ಸಾಕ್ಷಿ ತೊಂದರೆಯ ನಡೆ. ಗಾಳಿ ಕೆಟ್ಟಿದ್ದರೆ ಆ ಜಾಗದ ಎಲ್ಲ ಉಪಕರಣಗಳೂ ಒಟ್ಟಿಗೆ ತೊಳಲಾಡಬೇಕು, ನಾಲ್ಕು ಹೆಜ್ಜೆ ಸರಿದರೆ ವ್ಯತ್ಯಾಸ ಕಾಣಬೇಕು. ಆದರೆ ಸಾಮಾನ್ಯ ದೂರು ಹಾಗಿರುವುದಿಲ್ಲ. ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಮನೆಯಲ್ಲೂ ಇಲ್ಲ, ಆಫೀಸಿನಲ್ಲೂ ಇಲ್ಲ. ಪಕ್ಕದವರದು ಚೆನ್ನಾಗಿಯೇ ನಡೆದಿದೆ. ಫೋನಿಗೆ ಅಪ್‌ಡೇಟ್ ಬಂದ ಮೇಲೆ, ಹೊಸ ಲ್ಯಾಪ್‌ಟಾಪಿಗೆ ಒಮ್ಮೆ ಜೋಡಿಸಿದ ಮೇಲೆ, ಫೋನ್ ಬದಲಿಸಿದ ಮೇಲೆ ಶುರುವಾಗಿದೆ. ಜಾಗಕ್ಕೆ ಅಂಟಿಕೊಳ್ಳದೆ ಉಪಕರಣದ ಹಿಂದೆಯೇ ಅಲೆಯುವ ತೊಂದರೆಗೆ ಜಾಗವನ್ನು ಹೊಣೆ ಮಾಡಲಾಗದು.

ಜಿಗಿದು ಬದುಕುವ ರೇಡಿಯೊ

ಗಾಳಿಯ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಬ್ಲೂಟೂತನ್ನು ರೂಪಿಸಿದ್ದೇ ಗದ್ದಲದ ಗಾಳಿಯಲ್ಲಿ ಬಾಳಲೆಂದು. ಸ್ವೀಡನ್ನಿನ ಎರಿಕ್‌ಸನ್ ಕಂಪನಿಯಲ್ಲಿ 1994ರಲ್ಲಿ ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸನ್ ಈ ಕೆಲಸಕ್ಕೆ ಕೈಹಾಕಿದರು. 1998ರಲ್ಲಿ ಎರಿಕ್‌ಸನ್, ನೋಕಿಯಾ, ಇಂಟೆಲ್, ಐಬಿಎಂ, ತೊಷಿಬಾ ಸೇರಿ ಒಂದು ಕೂಟ ಕಟ್ಟಿಕೊಂಡವು. ಅವರು ಆಯ್ದುಕೊಂಡದ್ದು 2,400ರಿಂದ 2,483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು. ಪ್ರಪಂಚದ ಬಹುಭಾಗದಲ್ಲಿ ಇದನ್ನು ಬಳಸಲು ಪರವಾನಗಿ ಬೇಡ. ಭಾರತದಲ್ಲೂ 2005ರ ನಿಯಮಗಳು ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ವಿನಾಯಿತಿ ಕೊಟ್ಟಿವೆ. ಯಾರಪ್ಪನ ಸ್ವತ್ತೂ ಅಲ್ಲದ ಜಾಗವೆಂದ ಮೇಲೆ ಎಲ್ಲರೂ ಅಲ್ಲೇ ಇರುತ್ತಾರೆ: ವೈ-ಫೈ, ವೈರ್‌ಲೆಸ್ ಮೌಸ್, ಆಟಿಕೆ ಡ್ರೋನ್, 2,450 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನ್ನ ಬಿಸಿಮಾಡುವ ಮೈಕ್ರೋವೇವ್ ಒಲೆ. ಈ ನೂಕುನುಗ್ಗಲಿನಲ್ಲಿ ಒಂದೇ ಕಡೆ ಕೂತು ಮಾತಾಡಿದರೆ ಉಳಿಗಾಲವಿಲ್ಲವೆಂದು ಬ್ಲೂಟೂತ್ ಆ ಪಟ್ಟಿಯನ್ನು 1 ಮೆಗಾಹರ್ಟ್ಸ್ ಅಗಲದ 79 ಚಾನೆಲ್‌ಗಳಾಗಿ ಸೀಳಿಕೊಂಡು, ಸೆಕೆಂಡಿಗೆ 1,600 ಸಲದವರೆಗೆ ಒಂದರಿಂದ ಒಂದಕ್ಕೆ ಹಾರುತ್ತದೆ. ಯಾವ ಕ್ರಮದಲ್ಲಿ ಹಾರಬೇಕೆಂಬುದು ಜೋಡಿಯಾದ ಎರಡು ಉಪಕರಣಗಳಿಗೆ ಗೊತ್ತು. ಒಂದು ಚಾನೆಲ್‌ನಲ್ಲಿ ಮಾತು ಕೆಟ್ಟರೆ ಅದನ್ನೇ ಮುಂದಿನ ಚಾನೆಲ್‌ನಲ್ಲಿ ಮತ್ತೆ ಕಳಿಸಿದರಾಯಿತು.

ಆವರ್ತನ ಜಿಗಿತದ ಈ ಉಪಾಯ ಜಾಲಹಳ್ಳಿಗೆ ಹೊರಗಿನದಲ್ಲ. ಶತ್ರು ಒಂದು ಆವರ್ತನವನ್ನು ಜಾಮ್ ಮಾಡಿದರೂ ಮಾತು ನಿಲ್ಲಬಾರದೆಂದು ಸೇನೆಯ ರೇಡಿಯೋಗಳಲ್ಲಿ ಇದನ್ನು ಬಳಸುತ್ತಾರೆ; ಬಿಇಎಲ್ ಭಾರತೀಯ ಸೇನೆಗೆ ತಯಾರಿಸುವ ರೇಡಿಯೋ ಸೆಟ್‌ಗಳಲ್ಲೂ ಅದಿದೆ. ಇದರ ಒಂದು ಹಳೆಯ ಪೇಟೆಂಟ್ ಎರಡನೇ ಮಹಾಯುದ್ಧದ ಕಾಲದ್ದು. ಟಾರ್ಪಿಡೋವನ್ನು ರೇಡಿಯೋದಿಂದ ನಡೆಸುವ ಯೋಜನೆಗೆ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಅದನ್ನು ಪಡೆದರು. ಜಾಮಿಂಗ್ ಎದುರಿಸಲು ಹುಟ್ಟಿದ ಯುಕ್ತಿ ಪಕ್ಕದ ಮನೆಯ ವೈ-ಫೈಗೆ ಸುಲಭದಲ್ಲಿ ಸೋಲುವುದಿಲ್ಲ. ಅದರಲ್ಲೂ 2003ರ 1.2 ಆವೃತ್ತಿಯಿಂದ ಬ್ಲೂಟೂತ್ ಕುರುಡಾಗಿ ಹಾರುವುದನ್ನು ಬಿಟ್ಟಿದೆ. ಯಾವ ಚಾನೆಲ್‌ಗಳಲ್ಲಿ ಪದೇ ಪದೇ ಡಿಕ್ಕಿಯಾಗುತ್ತಿದೆ ಎಂದು ಗಮನಿಸಿ ಅವನ್ನು ಪಟ್ಟಿಯಿಂದ ಕೈಬಿಡುತ್ತದೆ. ಒಂದು ವೈ-ಫೈ ರೂಟರ್ ಸಾಧಾರಣವಾಗಿ 20 ಮೆಗಾಹರ್ಟ್ಸ್ ಅಗಲದಲ್ಲಿ ಕೂತಿರುತ್ತದೆ. ಅಷ್ಟು ಬಿಟ್ಟುಕೊಟ್ಟರೂ ಓಡಾಡಲು ಸುಮಾರು ಅರವತ್ತು ಚಾನೆಲ್ ಉಳಿಯುತ್ತವೆ. ನಿಯಮದ ಪ್ರಕಾರ 20 ಚಾನೆಲ್ ಇದ್ದರೂ ಕೆಲಸ ನಡೆಯಬೇಕು.

ಕಾರ್ಖಾನೆಗಳ ಮೇಲಿನ ಆರೋಪವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ವೆಲ್ಡಿಂಗ್ ಕಿಡಿ ರೇಡಿಯೋ ಗದ್ದಲ ಎಬ್ಬಿಸುವುದು ನಿಜ. ಹತ್ತಿರದಲ್ಲಿ ಮೀಡಿಯಂ ವೇವ್ ರೇಡಿಯೋ ಹಚ್ಚಿದರೆ ಕರಕರ ಸದ್ದು ಕೇಳುತ್ತದೆ. ಆದರೆ ಆ ಗದ್ದಲದ ಬಲ ಕೆಳಗಿನ ಆವರ್ತನಗಳಲ್ಲಿ ಹೆಚ್ಚು, ಮೇಲೇರಿದಂತೆ ಇಳಿಯುತ್ತ ಹೋಗುತ್ತದೆ. ಬ್ಲೂಟೂತ್ ಇರುವುದು ಮೀಡಿಯಂ ವೇವ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಮೇಲೆ. ಅದೂ ಅಲ್ಲದೆ, 1975ರ ಏಪ್ರಿಲ್ 19ರಂದು ಕಕ್ಷೆಗೇರಿದ ದೇಶದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಪೀಣ್ಯದ ಶೆಡ್‌ಗಳಲ್ಲಿ. ಎಲೆಕ್ಟ್ರಾನಿಕ್ ಉಪಕರಣಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಇಟಿಡಿಸಿ ಪ್ರಯೋಗಾಲಯ ಇಂದಿಗೂ ಪೀಣ್ಯದಲ್ಲೇ ಇದೆ. ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಕೆಲಸ ಈ ನೆರೆಹೊರೆಯಲ್ಲಿ ಅರ್ಧ ಶತಮಾನದಿಂದ ನಡೆದುಬಂದಿದೆ. ರಡಾರ್ ಮತ್ತು ಸೇನಾ ರೇಡಿಯೋಗಳಿಗೂ ಅವುಗಳದೇ ಆವರ್ತನಗಳನ್ನು ಹಂಚಿಕೊಡಲಾಗಿದೆ. ಹೀಗಿರುವಾಗ ಮೂರಡಿ ದೂರದ ಫೋನಿಗೂ ಇಯರ್‌ಬಡ್‌ಗೂ ಮಾತೇ ಹತ್ತುತ್ತಿಲ್ಲವೆಂದರೆ ಕಾರಣವನ್ನು ಇನ್ನೂ ಹತ್ತಿರದಲ್ಲಿ ಹುಡುಕಬೇಕು.

ಎರಡು ಕಡೆಯ ಲೆಕ್ಕ

ಕನೆಕ್ಟ್ ಆಗುವುದೆಂದರೆ ಒಂದೇ ಏಟಿನ ಕೆಲಸವಲ್ಲ. ಮೊದಲು ಒಂದು ಉಪಕರಣ ಇನ್ನೊಂದಕ್ಕೆ ಕಾಣಿಸಬೇಕು. ಆಮೇಲೆ ಎರಡೂ ಪರಿಚಯ ಮಾಡಿಕೊಂಡು ಗುಟ್ಟಿನ ಕೀಲಿಯೊಂದನ್ನು ಒಪ್ಪಬೇಕು, ಇದು ಪೇರಿಂಗ್. ಮುಂದಿನ ಪ್ರತಿ ಸಲ ಆ ಕೀಲಿಯ ಆಧಾರದ ಮೇಲೆ ಸಂಪರ್ಕ ಏರ್ಪಡಬೇಕು. ಕೊನೆಗೆ ಯಾವ ಸೇವೆ ಎಂಬುದು ತೀರ್ಮಾನವಾಗಬೇಕು: ಹಾಡೋ, ಕರೆಯೋ, ಕಡತವೋ. ನಾಲ್ಕರಲ್ಲಿ ಯಾವುದು ತಪ್ಪಿತೆಂದು ಫೋನು ಬಿಡಿಸಿ ಹೇಳುವುದಿಲ್ಲ, ಬಹಳ ಸಲ ‘ಕನೆಕ್ಟ್ ಮಾಡಲಾಗಲಿಲ್ಲ’ ಎಂದಷ್ಟೇ ಹೇಳುತ್ತದೆ. ಹಾಗಾಗಿ ದುರಸ್ತಿಗೆ ಕೂತವರು ಯಾವ ಮೆಟ್ಟಿಲಿನಲ್ಲಿ ಕಾಲು ಜಾರಿತೆಂದು ತಾವೇ ಹುಡುಕಿಕೊಳ್ಳಬೇಕು.

ಮೊದಲ ಮೆಟ್ಟಿಲಿನ ಲಕ್ಷಣ, ಹುಡುಕುವ ಪಟ್ಟಿಯಲ್ಲಿ ಹೆಸರೇ ಬಾರದಿರುವುದು. ಹೊಸ ಫೋನಿಗೆ ಜೋಡಿಸುವಾಗ ಇಯರ್‌ಬಡ್ ಪೇರಿಂಗ್ ಮೋಡ್‌ನಲ್ಲಿರಬೇಕು. ಕೇಸಿನ ಮುಚ್ಚಳ ತೆಗೆದರಷ್ಟೇ ಸಾಲದು, ಬಹಳ ಮಾದರಿಗಳಲ್ಲಿ ಬಟನ್ ಒತ್ತಿ ಹಿಡಿಯಬೇಕು. ಇತ್ತೀಚಿನ ಫೋನುಗಳು ತಾವು ಇತರರಿಗೆ ಕಾಣುವುದೂ ಬ್ಲೂಟೂತ್ ಸೆಟ್ಟಿಂಗ್ಸ್ ಪುಟ ತೆರೆದಿರುವಷ್ಟು ಹೊತ್ತು ಮಾತ್ರ. ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಹುಡುಕಾಟ ಪೂರ್ತಿಯಾಗಲು 10.24 ಸೆಕೆಂಡ್ ಹಿಡಿಯಬಹುದು, ಆದ್ದರಿಂದ ಎರಡೇ ಸೆಕೆಂಡಿಗೆ ‘ಇಲ್ಲ’ ಎಂದು ಕೈಚೆಲ್ಲುವುದು ಆತುರ. ಸ್ಮಾರ್ಟ್‌ವಾಚು, ಫಿಟ್‌ನೆಸ್ ಪಟ್ಟಿಗಳ ಕಥೆ ಇನ್ನೊಂದು. 2010ರಲ್ಲಿ ಬಂದ 4.0 ಆವೃತ್ತಿಯ ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಅವುಗಳದು, ಅವನ್ನು ಹುಡುಕುವುದು ಬಹುಪಾಲು ಅವುಗಳದೇ ಆ್ಯಪ್. ಆಂಡ್ರಾಯ್ಡ್ 6ರಿಂದ 11ರವರೆಗೆ ಇಂಥ ಹುಡುಕಾಟಕ್ಕೆ ಲೊಕೇಶನ್ ಅನುಮತಿ ಬೇಕಿತ್ತು. 12ರಿಂದ ‘ಹತ್ತಿರದ ಸಾಧನಗಳು’ ಎಂಬ ಪ್ರತ್ಯೇಕ ಅನುಮತಿ ಬಂತು. ಜಾಗರೂಕರು ಇವನ್ನು ‘ಬೇಡ’ ಎಂದು ಒತ್ತಿರುತ್ತಾರೆ, ಆಮೇಲೆ ವಾಚು ಸಿಗುತ್ತಿಲ್ಲವೆಂದು ಪರದಾಡುತ್ತಾರೆ. ಅನುಮತಿ ಕೊಟ್ಟರೆ ಸಿಗುವ ವಾಚು ಗಾಳಿಯಲ್ಲಿ ಎಂದೂ ಕಳೆದುಹೋಗಿರಲಿಲ್ಲ.

ಎರಡನೆಯ, ಮೂರನೆಯ ಮೆಟ್ಟಿಲುಗಳಲ್ಲೇ ಹೆಚ್ಚು ಗೋಜಲು. ಪೇರಿಂಗ್ ಆದಾಗ ಹುಟ್ಟುವ 128 ಬಿಟ್‌ನ ಕೀಲಿಯನ್ನು ಎರಡೂ ಉಪಕರಣಗಳು ತಂತಮ್ಮಲ್ಲಿ ಬರೆದಿಟ್ಟುಕೊಳ್ಳುತ್ತವೆ. ಮುಂದೆ ಎಂದು ಭೇಟಿಯಾದರೂ ಕೀಲಿ ತಾಳೆಯಾದರೆ ಮಾತ್ರ ಮಾತು. ಇದು ದಿನಸಿ ಅಂಗಡಿಯ ಉದ್ರಿ ಲೆಕ್ಕವನ್ನು ಅಂಗಡಿಯವರೂ ಗಿರಾಕಿಯೂ ಬೇರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟ ಹಾಗೆ: ಒಬ್ಬರ ಪುಸ್ತಕದ ಹಾಳೆ ಹರಿದರೂ ಸಾಕು, ಇನ್ನೊಬ್ಬರಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ ಲೆಕ್ಕ ಚುಕ್ತಾ ಆಗದು. ಇಯರ್‌ಬಡ್ ರಿಸೆಟ್ ಆದರೆ, ಕಾರಿನ ಸ್ಟೀರಿಯೊದಲ್ಲಿ ಫೋನುಗಳ ಪಟ್ಟಿ ತುಂಬಿ ಹಳೆಯ ಹೆಸರು ಅಳಿದರೆ, ಫೋನಿನ ಸಾಫ್ಟ್‌ವೇರ್ ಬದಲಾವಣೆಯಲ್ಲಿ ದಾಖಲೆ ಕೆಟ್ಟರೆ, ಒಂದು ಕಡೆ ಹಾಳೆ ಹರಿಯಿತೆಂದೇ ಲೆಕ್ಕ. ಫೋನಿನ ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ, ಒತ್ತಿದರೆ ತುಸು ತಿಣುಕಿ ಸುಮ್ಮನಾಗುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳು ಆಗ ‘ಪಿನ್ ಅಥವಾ ಪಾಸ್‌ಕೀ ತಪ್ಪಾಗಿದೆ’ ಎನ್ನುತ್ತವೆ. ಬಳಸುವವರು ಯಾವ ಪಿನ್ನನ್ನೂ ಹಾಕಿರುವುದಿಲ್ಲ.

ಇಲ್ಲಿ ಮಾಡಬೇಕಾದ್ದನ್ನು ಅರ್ಧ ಮಾಡುವುದೇ ಸಾಮಾನ್ಯ ತಪ್ಪು. ಫೋನಿನಲ್ಲಿ ಫರ್ಗೆಟ್ ಕೊಟ್ಟು ಅಷ್ಟಕ್ಕೇ ಬಿಟ್ಟರೆ ಕಾರಿನ ಕಡೆ ಹಳೆಯ ಕೀಲಿ ಉಳಿದೇ ಇರಬಹುದು. ಕಾರಿನ ಪಟ್ಟಿಯಿಂದಲೂ ಫೋನಿನ ಹೆಸರು ತೆಗೆಯಬೇಕು, ಇಯರ್‌ಬಡ್ ಆದರೆ ಕಂಪನಿ ಹೇಳಿದ ಕ್ರಮದಲ್ಲಿ ರಿಸೆಟ್ ಮಾಡಬೇಕು, ಆಮೇಲೆ ಎರಡನ್ನೂ ಒಮ್ಮೆ ಆರಿಸಿ ಹೊತ್ತಿಸಿ ಹೊಸದಾಗಿ ಪೇರ್ ಮಾಡಬೇಕು. ಆರಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಐಫೋನಿನ ಕಂಟ್ರೋಲ್ ಸೆಂಟರ್‌ನಲ್ಲಿ ಬ್ಲೂಟೂತ್ ಗುರುತನ್ನು ಒತ್ತಿದರೆ ಬ್ಲೂಟೂತ್ ಪೂರ್ತಿ ಆರುವುದಿಲ್ಲ; ಬಹುಪಾಲು ಉಪಕರಣಗಳ ಸಂಪರ್ಕವಷ್ಟೇ ಕಡಿಯುತ್ತದೆ, ಬೆಳಗಿನ 5 ಗಂಟೆಗೆ ತಾನಾಗಿ ಮರಳುತ್ತದೆ. ನಿಜವಾಗಿ ಆರಿಸಲು ಸೆಟ್ಟಿಂಗ್ಸ್‌ಗೇ ಹೋಗಬೇಕು. ‘ಆಫ್ ಮಾಡಿ ಆನ್ ಮಾಡಿದರೂ ಆಗಲಿಲ್ಲ’ ಎನ್ನುವ ಕೆಲವರು ಆಫ್ ಮಾಡಿಯೇ ಇರುವುದಿಲ್ಲ.

ಕೀಲಿ ಸರಿಯಿದ್ದೂ ಸಂಪರ್ಕ ಸಿಗದಿರುವುದಕ್ಕೆ ಇನ್ನೊಂದು ಕಾರಣ, ನೆನಪು ಕಡಿಮೆಯಾಗುವುದಲ್ಲ, ಹೆಚ್ಚಾಗುವುದು. ಆಫೀಸಿನ ಲ್ಯಾಪ್‌ಟಾಪು, ಸ್ವಂತ ಫೋನು, ಮನೆಯ ಟಿವಿ, ಮಕ್ಕಳ ಟ್ಯಾಬ್ ಎಲ್ಲಕ್ಕೂ ಒಂದೇ ಇಯರ್‌ಬಡ್ ಪೇರ್ ಆಗಿರುತ್ತದೆ. ಕೇಸಿನಿಂದ ಹೊರತೆಗೆದ ಗಳಿಗೆಗೆ ಹತ್ತಿರದಲ್ಲಿ ಬ್ಲೂಟೂತ್ ಹಚ್ಚಿಕೊಂಡಿರುವ ಯಾವುದೋ ಒಂದು ಅದನ್ನು ಎಳೆದುಕೊಳ್ಳುತ್ತದೆ. ಬ್ಯಾಗಿನೊಳಗೆ ಇನ್ನೂ ಎಚ್ಚರವಿರುವ ಲ್ಯಾಪ್‌ಟಾಪ್ ಇಯರ್‌ಬಡ್ ಹಿಡಿದು ಕೂತಿದ್ದರೆ ಕೈಯಲ್ಲಿರುವ ಫೋನಿಗೆ ಅದು ಸಿಗದು. ಎರಡು ಉಪಕರಣಗಳಿಗೆ ಒಟ್ಟಿಗೆ ಸೇರುವ ಮಲ್ಟಿಪಾಯಿಂಟ್ ಸೌಲಭ್ಯವಿದ್ದರೂ ಮೂರನೆಯದಕ್ಕೆ ಜಾಗವಿಲ್ಲ. ಅಂಗಡಿಯ ಬಿಲ್ ಮುದ್ರಿಸುವ ಪುಟ್ಟ ಥರ್ಮಲ್ ಪ್ರಿಂಟರ್‌ಗೆ ಮಾಲೀಕರ ಫೋನೂ ಕೆಲಸದವರ ಫೋನೂ ಪೇರ್ ಆಗಿದ್ದರೆ ಇದೇ ಜಗಳ. ಇದಕ್ಕೆ ಮದ್ದು ಫರ್ಗೆಟ್ ಅಲ್ಲ, ಬಳಸದ ಉಪಕರಣದ ಬ್ಲೂಟೂತ್ ಆರಿಸುವುದು.

ನಾಲ್ಕನೆಯ ಮೆಟ್ಟಿಲಿನಲ್ಲಿ ‘ಕನೆಕ್ಟೆಡ್’ ಎಂದು ಬರೆದಿರುತ್ತದೆ, ಸದ್ದು ಮಾತ್ರ ಫೋನಿನಿಂದಲೇ ಬರುತ್ತದೆ. ಹಾಡು ಕೇಳುವುದಕ್ಕೂ ಕರೆ ಮಾತಾಡುವುದಕ್ಕೂ ಬ್ಲೂಟೂತ್‌ನಲ್ಲಿ ಬೇರೆ ಬೇರೆ ವ್ಯವಸ್ಥೆ. ಆಂಡ್ರಾಯ್ಡ್‌ನಲ್ಲಿ ಆ ಉಪಕರಣದ ಹೆಸರಿನ ಪಕ್ಕದ ಗುರುತು ಒತ್ತಿದರೆ ಕರೆಗೊಂದು, ಮೀಡಿಯಾ ಆಡಿಯೊಗೊಂದು ಸ್ವಿಚ್ ಕಾಣುತ್ತದೆ. ಮೀಡಿಯಾದ್ದು ಆರಿದ್ದರೆ ಕಾರಿನಲ್ಲಿ ಕರೆ ಕೇಳುತ್ತದೆ, ಹಾಡು ಕೇಳದು. ಹಾಡು ಚೆನ್ನಾಗಿದ್ದದ್ದು ಕರೆ ಬಂದೊಡನೆ ಡಬ್ಬಿಯೊಳಗಿನ ದನಿಯಾಗುವುದೂ ಇದೇ ಕಾರಣಕ್ಕೆ. ಹಾಡು ಒಂದೇ ದಿಕ್ಕಿಗೆ ಹರಿಯುತ್ತದೆ, ಒಂದಿಷ್ಟು ಮುಂಚಿತವಾಗಿ ತುಂಬಿಟ್ಟುಕೊಂಡು ನುಡಿಸಬಹುದು. ಕರೆಯಲ್ಲಿ ಮೈಕೂ ಸೇರಿ ಮಾತು ಎರಡೂ ಕಡೆ ತಡವಿಲ್ಲದೆ ಓಡಬೇಕು, ಹಾಗಾಗಿ ಸದ್ದಿನ ಗುಣಮಟ್ಟವನ್ನು ಇಳಿಸಲಾಗುತ್ತದೆ. ಅದನ್ನು ಕೆಟ್ಟ ಇಯರ್‌ಬಡ್ ಎಂದು ಹಿಂದಿರುಗಿಸುವುದರಿಂದ ಪ್ರಯೋಜನವಿಲ್ಲ. ವಾಚಿಗೆ ನೋಟಿಫಿಕೇಶನ್ ಆಗಾಗ ನಿಂತರೆ ಅದರ ಆ್ಯಪನ್ನು ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಮಲಗಿಸುತ್ತಿದೆಯೇ ನೋಡಬೇಕು. ಸಂಪರ್ಕ ಇದ್ದಲ್ಲೇ ಇರುತ್ತದೆ, ಸುದ್ದಿ ತರುವ ಆ್ಯಪ್ ನಿದ್ದೆ ಹೋಗಿರುತ್ತದೆ.

ಗಾಳಿಯೇ ತಪ್ಪಿತಸ್ಥನಾದಾಗ

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಹುರುಳಿಲ್ಲದ್ದಲ್ಲ. ಜಾಲಹಳ್ಳಿ ಕ್ರಾಸ್‌ನ ದಟ್ಟಣೆಯಲ್ಲಿ, ಬೆಳಗಿನ ಮೆಟ್ರೊ ಬೋಗಿಯಲ್ಲಿ ಹಾಡು ನಿಜವಾಗಿಯೂ ಕಡಿಕಡಿದು ಬರುತ್ತದಲ್ಲ, ಅದು ಯಾರ ನೆನಪಿನ ತಪ್ಪು? ಯಾರದೂ ಅಲ್ಲ, ಅದು ಗಾಳಿಯದೇ. ಆದರೆ ಅಲ್ಲೂ ಸಂಪರ್ಕ ಏರ್ಪಟ್ಟ ಮೇಲೆ ತೊಂದರೆ ಬಂದಿದೆ ಎಂಬುದನ್ನು ಗಮನಿಸಬೇಕು. ಸ್ಥೂಲ ಲೆಕ್ಕ ಹಾಕಿ ನೋಡೋಣ. ನಮ್ಮ ಸುತ್ತ ಹತ್ತು ಜೋಡಿ ಫೋನು-ಇಯರ್‌ಬಡ್‌ಗಳು ಬಿಡುವಿಲ್ಲದೆ ಮಾತಾಡುತ್ತ 79 ಚಾನೆಲ್‌ಗಳಲ್ಲಿ ಮನಬಂದಂತೆ ಹಾರುತ್ತಿವೆ ಎಂದುಕೊಳ್ಳಿ. ನಮ್ಮದಕ್ಕೆ ಯಾವುದಾದರೂ ಒಂದು ಡಿಕ್ಕಿ ಹೊಡೆಯುವ ಸಂಭವ ಶೇ 12ರ ಸುಮಾರು. ಹಾರುವ ವೇಳೆ ಒಂದಕ್ಕೊಂದು ಹೊಂದದ ಕಾರಣ ಅದು ಇಮ್ಮಡಿಯಾಗಲಿ, ಆಗಲೂ ಮಾತಿನ ತುಣುಕುಗಳಲ್ಲಿ (ಪ್ಯಾಕೆಟ್) ನಾಲ್ಕರಲ್ಲಿ ಮೂರು ಮೊದಲ ಸಲಕ್ಕೇ ತಲುಪುತ್ತವೆ, ಉಳಿದವುಗಳಲ್ಲಿ ಹೆಚ್ಚಿನವು ಎರಡನೆಯ ಯತ್ನಕ್ಕೆ. ಹಾಡಿಗೆ ಬೇಕಾದ ವೇಗ, ಸದ್ದನ್ನು ಕುಗ್ಗಿಸಿ ಕಳಿಸುವ ಸಾಮಾನ್ಯ ಎಸ್‌ಬಿಸಿ ಪದ್ಧತಿಯಲ್ಲಿ, ಸೆಕೆಂಡಿಗೆ 328 ಕಿಲೋಬಿಟ್ ಆಸುಪಾಸು; ಬ್ಲೂಟೂತ್‌ಗೆ ಅದರ ಹಲವು ಪಟ್ಟು ಸಾಗಿಸುವ ಶಕ್ತಿಯಿದೆ. ಮತ್ತೆ ಕಳಿಸಲು ಜಾಗ ಉಂಟು. ಜನಸಂದಣಿಯೊಂದೇ ಹಾಡನ್ನು ಕೆಡಿಸುವುದು ಕಷ್ಟ; ಅದರ ಜತೆ ಇನ್ನೇನೋ ಸೇರಿರಬೇಕು.

ಆ ‘ಇನ್ನೇನೋ’ ಬಹಳ ಸಲ ನಮ್ಮ ಮೈಯೇ. 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಚೆನ್ನಾಗಿ ಹೀರುತ್ತದೆ, ಮನುಷ್ಯದೇಹದ ಹೆಚ್ಚಿನ ಪಾಲು ನೀರು. ಫೋನು ಪ್ಯಾಂಟಿನ ಎಡ ಹಿಂಜೇಬಿನಲ್ಲಿ, ಫೋನಿನೊಡನೆ ನೇರ ಮಾತಾಡುವ ಇಯರ್‌ಬಡ್ ಬಲಗಿವಿಯಲ್ಲಿ ಇದ್ದರೆ ತರಂಗ ಇಡೀ ಮೈಯನ್ನು ಬಳಸಿ ಹೋಗಬೇಕು. ಕೋಣೆಯೊಳಗೆ ಗೋಡೆಗಳಿಗೆ ಬಡಿದು ಬರುವ ಪ್ರತಿಫಲನ ನೆರವಿಗೆ ಬರುತ್ತದೆ. ಬಯಲಲ್ಲಿ ಆ ನೆರವೂ ಇಲ್ಲ. ಮನೆಯಲ್ಲಿ ಸರಿಯಿದ್ದು ರಸ್ತೆಗಿಳಿದೊಡನೆ ಕಡಿಯುವುದಕ್ಕೆ ರಸ್ತೆಯ ರೇಡಿಯೋ ಗದ್ದಲದಷ್ಟೇ ಗೋಡೆಗಳಿಲ್ಲದಿರುವುದೂ ಕಾರಣ. ಫೋನನ್ನು ಎದೆಯ ಜೇಬಿಗೋ ಅದೇ ಪಕ್ಕದ ಜೇಬಿಗೋ ಬದಲಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಪೀಣ್ಯದ ತಗಡಿನ ಶೆಡ್‌ಗಳಲ್ಲಿ ಇದರ ತದ್ವಿರುದ್ಧ ಸಮಸ್ಯೆ. ಲೋಹಕ್ಕೆ ಬಡಿದ ಪ್ರತಿಫಲನಗಳು ವಿಪರೀತವಾಗಿ ಒಂದನ್ನೊಂದು ಅಳಿಸುವ ಕುರುಡು ತಾಣಗಳು ಹುಟ್ಟುತ್ತವೆ. ತರಂಗದ ಉದ್ದ ಸುಮಾರು 12 ಸೆಂಟಿಮೀಟರ್ ಆದ್ದರಿಂದ ಅದರ ಅರ್ಧದಷ್ಟು ಸರಿದರೂ ಸದ್ದು ಮರಳಬಹುದು. ಶೆಡ್ಡಿನ ಸ್ಪೀಕರ್ ಕಡಿಯುತ್ತಿದ್ದರೆ ಯಂತ್ರವನ್ನು ಬೈಯುವ ಮುನ್ನ ಸ್ಪೀಕರನ್ನು ಒಂದು ಗೇಣು ಜರುಗಿಸಿ ನೋಡಬಹುದು.

ಇನ್ನೊಂದು ಗದ್ದಲ ಫೋನಿನ ಒಳಗೇ ಇದೆ. ಬಹುತೇಕ ಫೋನುಗಳಲ್ಲಿ ವೈ-ಫೈ ಮತ್ತು ಬ್ಲೂಟೂತ್ ಒಂದೇ ಚಿಪ್ಪಿನಲ್ಲಿ ಕೂತು ಎಷ್ಟೋ ಸಲ ಆಂಟೆನಾವನ್ನೂ ಹಂಚಿಕೊಳ್ಳುತ್ತವೆ. ವೈ-ಫೈ 2.4 ಗಿಗಾಹರ್ಟ್ಸ್‌ನಲ್ಲಿ ದೊಡ್ಡ ವಿಡಿಯೊ ಇಳಿಸುತ್ತಿದ್ದರೆ ಎರಡೂ ಸರದಿಯ ಮೇಲೆ ಮಾತಾಡಬೇಕು, ಆಗ ಹಾಡು ಮುಗ್ಗರಿಸುತ್ತದೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಫೋನನ್ನು ಅದಕ್ಕೆ ಜೋಡಿಸುವುದು ಮನೆಯೊಳಗಿನ ತೊಂದರೆಗೆ ಒಳ್ಳೆಯ ಪರಿಹಾರ. ನಮ್ಮ ದೇಶದಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಬ್ಲೂಟೂತ್ ಶುರುವಾಗುವ 2,400 ಮೆಗಾಹರ್ಟ್ಸ್ ಗೆರೆಗೆ ಅಂಟಿಕೊಂಡೇ ಕೆಳಗಡೆ 2,300ರಿಂದ 2,400ರವರೆಗೆ 4ಜಿ ಓಡುತ್ತದೆ. ಏರ್‌ಟೆಲ್ 2012ರಲ್ಲಿ ಬೆಂಗಳೂರಿಗೆ 4ಜಿ ತಂದದ್ದು ಈ ಪಟ್ಟಿಯಲ್ಲೇ, ಜಿಯೊ ಕೂಡ ಇದನ್ನು ಬಳಸುತ್ತದೆ. ಟವರ್ ದೂರವಿದ್ದು ಫೋನು ಜೋರಾಗಿ ಕೂಗಬೇಕಾದಾಗ, ಆ ಕೂಗಿನ ಅಂಚು ಪಕ್ಕದ ಬ್ಲೂಟೂತ್‌ಗೆ ಸೋರದಂತೆ ಫೋನಿನೊಳಗೆ ಫಿಲ್ಟರ್‌ಗಳು ಇರುತ್ತವೆ. ಅವುಗಳ ಗುಣ ಫೋನಿನಿಂದ ಫೋನಿಗೆ ಬೇರೆ. ಲ್ಯಾಪ್‌ಟಾಪಿನ ಯುಎಸ್‌ಬಿ 3.0 ಕೇಬಲ್, ಹಾರ್ಡ್ ಡಿಸ್ಕ್‌ಗಳೂ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ವಿವರಿಸಿದೆ. ಆಫೀಸಿನ ಮೇಜಿನ ಮೇಲೆ ಮೌಸ್ ತಡವರಿಸಿದರೆ ಮೊದಲು ಅವನ್ನು ದೂರ ಸರಿಸಬೇಕು. ಹೀಗೆ ಗಾಳಿ ನಿಜಕ್ಕೂ ತಪ್ಪಿತಸ್ಥನಾದಾಗಲೂ ಮೂಲ ಮೈಲಿ ದೂರದಲ್ಲಿರುವುದಕ್ಕಿಂತ ಜೇಬಿನಲ್ಲೋ ಮೇಜಿನ ಮೇಲೋ ಇರುವುದೇ ಹೆಚ್ಚು. ಬ್ಲೂಟೂತ್ ಶಕ್ತಿ ತೀರಾ ಕಡಿಮೆ, ಶಕ್ತಿಯ ಲೆಕ್ಕದಲ್ಲಿ ಎರಡನೇ ವರ್ಗಕ್ಕೆ ಸೇರಿದ ಉಪಕರಣವೊಂದರ ಮಿತಿ 2.5 ಮಿಲಿವಾಟ್. ಅಷ್ಟು ಮೆಲ್ಲಗಿನ ಮಾತನ್ನು ಕೆಡಿಸುವುದರಲ್ಲಿ ದೂರದ ದೊಡ್ಡ ಗದ್ದಲಕ್ಕಿಂತ ಹತ್ತಿರದ ಸಣ್ಣ ಗದ್ದಲ ಮುಂದು.

ಯಾರ ಹೊಣೆ

‘ಇಷ್ಟೆಲ್ಲ ಯಾಕೆ, ನೆಟ್‌ವರ್ಕ್ ಸೆಟ್ಟಿಂಗ್ಸನ್ನೇ ರಿಸೆಟ್ ಮಾಡಿದರೆ ಎಲ್ಲ ಸರಿಹೋಗುವುದಿಲ್ಲವೇ?’ ಎಂಬುದು ಎರಡನೇ ಆಕ್ಷೇಪ. ಸರಿಹೋಗಬಹುದು, ಆದರೆ ಬೆಲೆ ತೆರಬೇಕು. ಐಫೋನಿನ ನೆಟ್‌ವರ್ಕ್ ರಿಸೆಟ್‌ನಲ್ಲಿ ಉಳಿಸಿಟ್ಟ ವೈ-ಫೈ ಪಾಸ್‌ವರ್ಡ್‌ಗಳೂ ಹೋಗುತ್ತವೆ. ಆಂಡ್ರಾಯ್ಡ್‌ನ ವೈ-ಫೈ ಮತ್ತು ಬ್ಲೂಟೂತ್ ರಿಸೆಟ್‌ನಲ್ಲಿ ಅವುಗಳ ಜತೆಗೆ ಕಾರು, ವಾಚು, ಶ್ರವಣಯಂತ್ರ ಎಲ್ಲದರ ನಂಟೂ ಅಳಿಯುತ್ತದೆ. ಮನೆಯ ಹಿರಿಯರ ಶ್ರವಣಯಂತ್ರ ಅದೇ ಫೋನಿಗೆ ಸೇರಿದ್ದರೆ ಒಂದು ಇಯರ್‌ಬಡ್ ಸರಿಮಾಡಲು ಹೋಗಿ ಅವರ ಕಿವಿ ಮುಚ್ಚಿದಂತಾಗುತ್ತದೆ. ಇದೇ ಫೋನಿಗೆ ಬೇರೆ ಇಯರ್‌ಬಡ್ ಸೇರುತ್ತದೆಯೇ, ಇದೇ ಇಯರ್‌ಬಡ್ ಬೇರೆ ಫೋನಿಗೆ ಸೇರುತ್ತದೆಯೇ ಎಂಬ ಅದಲು ಬದಲಿನ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ತಪ್ಪು ಯಾವ ಕಡೆಯದೆಂದು ಬಹಳ ಮಟ್ಟಿಗೆ ತಿಳಿಯುತ್ತದೆ. ದೊಡ್ಡ ರಿಸೆಟ್ ಕೊನೆಯ ಅಸ್ತ್ರವಾಗಿರಲಿ.

ಮೂರನೇ ಆಕ್ಷೇಪ ಅಗ್ಗದ ಮಾಲಿನದು: ಕಡಿಮೆ ಬೆಲೆಯ ಇಯರ್‌ಬಡ್ ಕೊಂಡರೆ ಇನ್ನೇನಾಗುತ್ತದೆ ಎಂಬ ಮಾತು. ಅದರಲ್ಲಿ ಸತ್ಯಾಂಶವಿದೆ; ಪುಟ್ಟ ಆಂಟೆನಾ, ಬೇಗ ಸೊರಗುವ ಬ್ಯಾಟರಿ, ಎಂದೂ ಬಾರದ ಅಪ್‌ಡೇಟ್ ಎಲ್ಲವೂ ಸಂಪರ್ಕವನ್ನು ಕೆಡಿಸುತ್ತವೆ. ಈ ಪಟ್ಟಿಯ ಉಪಕರಣ ಮಾರಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ ಅನುಮೋದನೆ ಬೇಕು ನಿಜ. ಆ ಕಾಗದ ಹೇಳುವುದು ಉಪಕರಣ ತನ್ನ ಆವರ್ತನದ, ಶಕ್ತಿಯ ಮಿತಿಯಲ್ಲಿದೆ ಎಂದಷ್ಟೆ. ನಿಮ್ಮ ಫೋನಿನ ಜತೆ ಹೊಂದಿಕೊಂಡು ಬಾಳುತ್ತದೆ ಎಂದಲ್ಲ. ಆದರೂ ಅಗ್ಗದ ವಾದ ಪೂರ್ತಿ ಒಪ್ಪುವಂಥದ್ದಲ್ಲ, ಏಕೆಂದರೆ ಹಾಳಾದ ನೆನಪು ದುಬಾರಿ ಫೋನನ್ನೂ ದುಬಾರಿ ಕಾರನ್ನೂ ಬಿಡುವುದಿಲ್ಲ. ಹಳೆಯದು ಬೇಸರವಾಗಿ ಹೊಸ ಇಯರ್‌ಬಡ್ ತಂದರೆ ಅದು ಥಟ್ಟನೆ ಕನೆಕ್ಟ್ ಆಗುತ್ತದೆ, ‘ಹಳೆಯದು ಕೆಟ್ಟಿತ್ತು’ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಹೊಸದರಲ್ಲಿ ಹಳೆಯ ಕೀಲಿಯೇ ಇರಲಿಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅಂಟು ಹಾಕಿ ಮುಚ್ಚಿದ, ಸುಲಭವಾಗಿ ಬ್ಯಾಟರಿ ಬದಲಿಸಲಾಗದ ಈ ಪುಟ್ಟ ವಸ್ತುಗಳು ಹೀಗೆ ಜೀವವಿದ್ದೇ ಇ-ತ್ಯಾಜ್ಯದ ಡಬ್ಬಿ ಸೇರುತ್ತವೆ.

ಹಾಗಾದರೆ ಜನಸಾಮಾನ್ಯರು ಕೀಲಿ, ಚಾನೆಲ್, ಅನುಮತಿ ಎಲ್ಲವನ್ನೂ ಕಲಿಯಬೇಕೆಂಬುದು ಈ ವಾದವೇ? ಅಲ್ಲ. ಕನೆಕ್ಟ್ ಆಗುತ್ತಿಲ್ಲವೋ, ಆಗಿ ಕಡಿಯುತ್ತಿದೆಯೋ ಎಂಬ ಒಂದು ಪ್ರಶ್ನೆ ಬಳಸುವವರಿಗೆ ಸಾಕು. ಅದರ ಆಚೆಗಿನದು ಫೋನು ಮಾಡಿದವರ ಹೊಣೆ. ಸಂಪರ್ಕ ಯಾವ ಮೆಟ್ಟಿಲಿನಲ್ಲಿ ಮುರಿಯಿತೆಂದು ಫೋನಿನ ಸಾಫ್ಟ್‌ವೇರ್‌ಗೆ ಒಳಗೊಳಗೆ ಗೊತ್ತು. ಕೀಲಿ ತಾಳೆಯಾಗಲಿಲ್ಲ ಎಂಬುದಕ್ಕೂ ಉತ್ತರವೇ ಬರಲಿಲ್ಲ ಎಂಬುದಕ್ಕೂ ಬ್ಲೂಟೂತ್ ನಿಯಮಾವಳಿಯಲ್ಲಿ ಬೇರೆ ಬೇರೆ ದೋಷಸಂಖ್ಯೆಗಳಿವೆ. ಪರದೆಗೆ ಬರುವಷ್ಟರಲ್ಲಿ ಅವೆಲ್ಲ ಬಹಳ ಸಲ ಒಂದೇ ಮೊಂಡು ವಾಕ್ಯವಾಗುತ್ತವೆ. ‘ಆ ಕಡೆಯ ಉಪಕರಣ ನಿಮ್ಮ ಫೋನನ್ನು ಮರೆತಿದೆ, ಎರಡೂ ಕಡೆ ಅಳಿಸಿ ಮತ್ತೆ ಪೇರ್ ಮಾಡಿ’ ಎಂದು ಕನ್ನಡದಲ್ಲಿ ಹೇಳಲು ಹೊಸ ತಂತ್ರಜ್ಞಾನವೇನೂ ಬೇಡ, ಆಂಡ್ರಾಯ್ಡ್ ಆಗಲೇ ಕನ್ನಡದಲ್ಲಿ ಮಾತಾಡುತ್ತಿದೆ. ಅಷ್ಟು ಹೇಳಿದ್ದರೆ ವಾಯುಪಡೆಯಿಂದ ವೆಲ್ಡಿಂಗ್ ಶೆಡ್ಡಿನವರೆಗೆ ಯಾರನ್ನೂ ಶಂಕಿಸುವ ಅಗತ್ಯ ಬೀಳುತ್ತಿರಲಿಲ್ಲ. ಮುಂದಿನ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವವರು, ತಪ್ಪಾದಾಗ ಈ ಫೋನು ಕಾರಣ ಹೇಳುತ್ತದೆಯೇ ಎಂದೂ ಕೇಳಲು ಶುರುಮಾಡಬೇಕು. ಗಿರಾಕಿಗಳು ಕೇಳದೆ ಕಂಪನಿಗಳು ಆ ವಾಕ್ಯವನ್ನು ಬರೆಯುವುದಿಲ್ಲ.